ಕರ್ನೆಲ್‌ನ ಭದ್ರತಾ ತಪಾಸಣೆಯ ದೋಷವನ್ನು ಸರಿಪಡಿಸುವ ಬಗೆ: ವೇಟ್‌ಐಡಿ ಪ್ರಕರಣದ ಮೂಲಕ ಒಂದು ಸಮಗ್ರ ಮಾರ್ಗದರ್ಶಿ

2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 4.13 ಕರ್ನೆಲ್‌ನಲ್ಲಿ ವೇಟ್‌ಐಡಿ ಎಂಬ ಸಿಸ್ಟಮ್ ಕಾಲ್ (ತಾನು ಹುಟ್ಟಿಸಿದ ಮಗು ಪ್ರೊಸೆಸ್ ಮುಗಿಯುವುದನ್ನು ಕಾದು ಅದರ ವಿವರ ಪಡೆಯಲು ಪ್ರೋಗ್ರಾಂ ಕರ್ನೆಲ್‌ಗೆ ಮಾಡುವ ಕರೆ) ತನ್ನ ಒಂದು ತಪಾಸಣೆಯನ್ನು ಕಳೆದುಕೊಂಡಿತ್ತು. ಅದರ ಫಲವಾಗಿ ಯಾವ ವಿಶೇಷ ಅಧಿಕಾರವೂ ಇಲ್ಲದ ಸಾಮಾನ್ಯ ಪ್ರೋಗ್ರಾಂ ಕೂಡ ಕರ್ನೆಲ್‌ನ ಕೈಯಿಂದಲೇ ಕರ್ನೆಲ್‌ನ ಸ್ವಂತ ಮೆಮೊರಿಯ ಮೇಲೆ ಬರೆಸಬಹುದಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಭದ್ರತಾ ದೋಷಗಳಿಗೆ ನೀಡುವ ಸಾರ್ವಜನಿಕ ಗುರುತಾದ ಸಿವಿಇ ಪಟ್ಟಿಯಲ್ಲಿ ಸಿವಿಇ-2017-5123 ಎಂಬ ಸಂಖ್ಯೆಯಿಂದ ಗುರುತಿಸಲಾಗುವ ಈ ದೋಷಕ್ಕೆ ಬೇಕಾಗಿದ್ದ ಪರಿಹಾರ ಒಂದೇ ಒಂದು ಷರತ್ತು. ಆದರೆ ಆ ಷರತ್ತನ್ನು ಎಲ್ಲಿ ಇಡಬೇಕು, ಅದು ಕೆಲಸ ಮಾಡುತ್ತಿದೆ ಎಂದು ಹೇಗೆ ಸಾಬೀತುಪಡಿಸಬೇಕು, ಅದೇ ತಪ್ಪು ಮತ್ತೆ ಬೇರೆಡೆ ಹುಟ್ಟದಂತೆ ಏನು ಮಾಡಬೇಕು ಎಂಬುದೆಲ್ಲ ಒಂದು ಸಾಲಿಗೆ ಮುಗಿಯುವ ಕೆಲಸವಲ್ಲ. ಈ ಮಾರ್ಗದರ್ಶಿ ಆ ಇಡೀ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸುತ್ತದೆ. ಓದುಗರಿಗೆ ಸಿ ಭಾಷೆ ಮತ್ತು ಗಿಟ್ ಪರಿಚಯವಿದೆ, ಒಮ್ಮೆಯಾದರೂ ಕರ್ನೆಲ್ ಕಂಪೈಲ್ ಮಾಡಿದ ಅನುಭವವಿದೆ ಎಂದು ಭಾವಿಸಿದ್ದೇನೆ.

ಮೊದಲ ಹೆಜ್ಜೆ: ಇರಬೇಕಾಗಿದ್ದ ತಪಾಸಣೆ ಯಾವುದೆಂದು ತಿಳಿಯುವುದು

ಪ್ರೋಗ್ರಾಂ ಒಂದು ಸಿಸ್ಟಮ್ ಕಾಲ್ ಮಾಡುವಾಗ, ಉತ್ತರವನ್ನು ಎಲ್ಲಿ ಬರೆಯಬೇಕೆಂದು ತಿಳಿಸಲು ಕರ್ನೆಲ್‌ಗೆ ಒಂದು ಪಾಯಿಂಟರ್ ಕೊಡುತ್ತದೆ. ಆ ಪಾಯಿಂಟರ್ ಒಂದು ಸಂಖ್ಯೆ ಮಾತ್ರ. ಅದು ಪ್ರೋಗ್ರಾಂನ ಸ್ವಂತ ಮೆಮೊರಿಯನ್ನು ತೋರಿಸುತ್ತದೆ ಎಂಬ ಭರವಸೆ ಆ ಸಂಖ್ಯೆಯೊಳಗೆ ಎಲ್ಲಿಯೂ ಇಲ್ಲ. 64 ಬಿಟ್ ಎಕ್ಸ್86 ಯಂತ್ರದಲ್ಲಿ, ನಾಲ್ಕು ಹಂತದ ಪೇಜ್ ಟೇಬಲ್ ಬಳಸುವಾಗ, ವಿಳಾಸಗಳ ಕೆಳಗಿನ 128 ಟೆರಾಬೈಟ್ ಬಳಕೆದಾರ ಪ್ರೋಗ್ರಾಂಗಳಿಗೆ ಸೇರಿದರೆ, ತೀರ ಮೇಲಿನ 128 ಟೆರಾಬೈಟ್ ಕರ್ನೆಲ್‌ಗೆ ಸೇರುತ್ತದೆ. ಕೊಟ್ಟ ವಿಳಾಸ ಈ ಗಡಿಯ ಕೆಳಗೇ ಇದೆಯೇ ಎಂದು ನೋಡುವ ಕೆಲಸ ಆಕ್ಸೆಸ್_ಓಕೆ ಎಂಬ ಪುಟ್ಟ ಪರೀಕ್ಷೆಯದು. ಆರಂಭದ ವಿಳಾಸಕ್ಕೆ ಗಾತ್ರವನ್ನು ಕೂಡಿಸಿದಾಗ ಗಡಿ ದಾಟುತ್ತದೆಯೇ, ಕೂಡಿಸುವಾಗ ಸಂಖ್ಯೆ ಸುತ್ತಿಕೊಂಡು ಮತ್ತೆ ಸೊನ್ನೆಯ ಬಳಿಗೆ ಬಂದುಬಿಡುತ್ತದೆಯೇ ಎಂಬ ಎರಡನ್ನೂ ಅದು ಪರಿಶೀಲಿಸುತ್ತದೆ. ಆ ವಿಳಾಸದಲ್ಲಿ ನಿಜಕ್ಕೂ ಮೆಮೊರಿ ಇದೆಯೇ ಎಂದು ಅದು ನೋಡುವುದಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮೂರನೆಯ ಹೆಜ್ಜೆಯಲ್ಲಿ ಇದೇ ನಮ್ಮನ್ನು ದಾರಿ ತಪ್ಪಿಸಬಲ್ಲದು.

ಸಾಮಾನ್ಯವಾಗಿ ಕರ್ನೆಲ್ ಬರಹಗಾರರು ಈ ಪರೀಕ್ಷೆಯನ್ನು ನೇರವಾಗಿ ಕರೆಯುವುದಿಲ್ಲ, ಏಕೆಂದರೆ ಪುಟ್_ಯೂಸರ್, ಕಾಪಿ_ಟು_ಯೂಸರ್ ಮುಂತಾದವು ಅದನ್ನು ತಮ್ಮೊಳಗೇ ಮಾಡಿಕೊಳ್ಳುತ್ತವೆ. ತೊಡಕು ಹುಟ್ಟುವುದು ವೇಗದ ಮಾತು ಬಂದಾಗ. ಸ್ಮ್ಯಾಪ್ ಎಂಬ ಪ್ರೊಸೆಸರ್ ರಕ್ಷಣೆ ಇರುವ ಯಂತ್ರಗಳಲ್ಲಿ ಕರ್ನೆಲ್ ಬಳಕೆದಾರ ಮೆಮೊರಿಯನ್ನು ಮುಟ್ಟಬೇಕಾದರೆ ಮೊದಲು ಒಂದು ಸೂಚನೆಯಿಂದ ಬಾಗಿಲು ತೆರೆದು, ಕೆಲಸವಾದ ಮೇಲೆ ಇನ್ನೊಂದರಿಂದ ಮುಚ್ಚಬೇಕು. ಆರು ಪುಟ್ಟ ಸಂಖ್ಯೆಗಳನ್ನು ಬರೆಯಲು ಆರು ಸಲ ತೆರೆದು ಮುಚ್ಚುವುದು ದುಬಾರಿ. ಆದ್ದರಿಂದ ಯೂಸರ್_ಆಕ್ಸೆಸ್_ಬಿಗಿನ್ ಎಂದು ಒಮ್ಮೆ ತೆರೆದು, ಅನ್‌ಸೇಫ್_ಪುಟ್_ಯೂಸರ್ ಮೂಲಕ ಬೇಕಾದಷ್ಟು ಸಲ ಬರೆದು, ಯೂಸರ್_ಆಕ್ಸೆಸ್_ಎಂಡ್ ಎಂದು ಒಮ್ಮೆ ಮುಚ್ಚುವ ವ್ಯವಸ್ಥೆ ಬಂದಿತು. ಹೆಸರೇ ಹೇಳುವಂತೆ ಈ ಬರವಣಿಗೆ ಸುರಕ್ಷಿತವಲ್ಲ: ವಿಳಾಸದ ತಪಾಸಣೆಯನ್ನು ಕರೆಯುವವರೇ ಮೊದಲು ಮಾಡಿರಬೇಕು ಎಂಬುದು ಅದರ ಒಪ್ಪಂದ. 4.13ರ ತಯಾರಿಯಲ್ಲಿ ವೇಟ್‌ಐಡಿಯನ್ನು ಹಳೆಯ ಬಗೆಯಿಂದ ಈ ಹೊಸ ಬಗೆಗೆ ಬದಲಾಯಿಸಿದಾಗ ಆರು ಪುಟ್_ಯೂಸರ್ ಕರೆಗಳು ಹೋದವು, ಅವುಗಳೊಂದಿಗೆ ಅವುಗಳ ಒಳಗಿದ್ದ ಆರು ತಪಾಸಣೆಗಳೂ ಸದ್ದಿಲ್ಲದೆ ಹೋದವು.

ಸ್ಮ್ಯಾಪ್ ಇದನ್ನು ತಡೆಯಲಿಲ್ಲವೇ ಎಂದು ಹಲವರು ಕೇಳುತ್ತಾರೆ. ತಡೆಯಲಾರದು. ಕರ್ನೆಲ್ ಅಜಾಗರೂಕತೆಯಿಂದ ಬಳಕೆದಾರ ಮೆಮೊರಿಯನ್ನು ಮುಟ್ಟುವುದನ್ನು ತಡೆಯುವುದಷ್ಟೇ ಅದರ ಕೆಲಸ. ಕರ್ನೆಲ್ ತನ್ನದೇ ಮೆಮೊರಿಯ ಮೇಲೆ ಬರೆಯುವುದನ್ನು ಅದು ಯಾವ ಕಾಲಕ್ಕೂ ಪ್ರಶ್ನಿಸುವುದಿಲ್ಲ. ಬಳಕೆದಾರನ ವೇಷ ಹಾಕಿಕೊಂಡು ಬಂದ ಕರ್ನೆಲ್ ವಿಳಾಸವನ್ನು ಗುರುತಿಸಬಲ್ಲದ್ದು ಆಕ್ಸೆಸ್_ಓಕೆ ಒಂದೇ.

ಎರಡನೆಯ ಹೆಜ್ಜೆ: ಪ್ರಯೋಗಶಾಲೆ

ಕ್ಯೂಎಮು ವರ್ಚುವಲ್ ಮಷಿನ್ ಒಳಗೆ ಮಾತ್ರ ಈ ಕೆಲಸ ಮಾಡಿ. ನಿಮ್ಮ ದಿನಬಳಕೆಯ ಯಂತ್ರದಲ್ಲಿ ಮಾಡಬೇಡಿ. ಕರ್ನೆಲ್‌ನ ಗಿಟ್ ಭಂಡಾರದಲ್ಲಿ 4.13ರ ಟ್ಯಾಗ್ ತೆಗೆದುಕೊಂಡು, ಆ ಕಾಲದ ಕಂಪೈಲರ್ ಇರುವ ಕಂಟೇನರ್ ಒಳಗೆ ಅದನ್ನು ಕಟ್ಟಿ. ಜಿಸಿಸಿ 7 ಇದಕ್ಕೆ ತಕ್ಕದ್ದು, ಹೊಸ ಕಂಪೈಲರ್‌ಗಳು ಅಷ್ಟು ಹಳೆಯ ಮೂಲಕೋಡ್‌ಗೆ ಒಗ್ಗದಿರಬಹುದು. ಡೀಬಗ್ ಮಾಹಿತಿಯನ್ನು ಸೇರಿಸಿ, ಬೂಟ್ ಮಾಡುವಾಗ ವಿಳಾಸಗಳನ್ನು ಕಲಕುವ ವ್ಯವಸ್ಥೆಯನ್ನು ನಿಲ್ಲಿಸಿ. ಇಷ್ಟು ಸಾಕು.

ಮೂರನೆಯ ಹೆಜ್ಜೆ: ದೋಷವನ್ನು ಕಣ್ಣಾರೆ ಕಾಣುವುದು

ಎಡವುವವರು ಹೆಚ್ಚಾಗಿ ಇಲ್ಲಿಯೇ ಎಡವುತ್ತಾರೆ, ಆದ್ದರಿಂದ ನಿಧಾನವಾಗಿ ಸಾಗೋಣ. ಸಹಜವಾಗಿ ಹೊಳೆಯುವ ಪರೀಕ್ಷೆ ಇದು: ಒಂದು ಮಗು ಪ್ರೊಸೆಸ್ ಹುಟ್ಟಿಸಿ, ಅದು ಮುಗಿದ ಮೇಲೆ ವೇಟ್‌ಐಡಿಯನ್ನು ಕರೆದು, ಉತ್ತರ ಬರೆಯುವ ಜಾಗವಾಗಿ ಕರ್ನೆಲ್ ವಲಯದ ಯಾವುದೋ ಒಂದು ವಿಳಾಸ ಕೊಟ್ಟು, ಈಫಾಲ್ಟ್ (ಕೊಟ್ಟ ವಿಳಾಸ ಸರಿಯಿಲ್ಲ) ಎಂಬ ದೋಷಸಂಕೇತ ಹಿಂದಿರುಗುತ್ತದೆಯೇ ಎಂದು ನೋಡುವುದು. ಬಂದರೆ ಕರ್ನೆಲ್ ಸುರಕ್ಷಿತ, ಬಾರದಿದ್ದರೆ ದೋಷಯುಕ್ತ ಎಂದು ತೀರ್ಮಾನಿಸುವುದು. ಈ ಪರೀಕ್ಷೆ ತಪ್ಪು. ಕಾರಣವೇನೆಂದರೆ, ನೀವು ಕೊಟ್ಟ ಕರ್ನೆಲ್ ವಿಳಾಸದಲ್ಲಿ ಮೆಮೊರಿಯೇ ಇಲ್ಲದಿದ್ದರೆ, ತಪಾಸಣೆಯಿಲ್ಲದ ಕರ್ನೆಲ್ ಕೂಡ ಬರೆಯಲು ಹೋಗಿ ಪೇಜ್ ಫಾಲ್ಟ್ ಅನುಭವಿಸುತ್ತದೆ, ಇಂಥ ಫಾಲ್ಟ್ ಬಂದರೆ ಎಲ್ಲಿಗೆ ಹೋಗಬೇಕೆಂದು ಮೊದಲೇ ಬರೆದಿಟ್ಟಿರುವ ಎಕ್ಸೆಪ್ಷನ್ ಟೇಬಲ್ ಆ ಫಾಲ್ಟನ್ನು ಹಿಡಿದು ನಿಯಂತ್ರಣವನ್ನು ದೋಷದ ದಾರಿಗೆ ಹೊರಳಿಸುತ್ತದೆ, ಪ್ರೋಗ್ರಾಂಗೆ ಅದೇ ಈಫಾಲ್ಟ್ ಸಿಗುತ್ತದೆ. ತಪಾಸಣೆ ತಡೆದದ್ದಕ್ಕೂ ಅದೃಷ್ಟ ತಡೆದದ್ದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಇಂಥ ಪರೀಕ್ಷೆಯನ್ನು ನಂಬಿ ದೋಷವಿಲ್ಲ ಎಂದು ಕಡತ ಮುಚ್ಚುವುದು ಪರೀಕ್ಷೆಯೇ ಮಾಡದಿರುವುದಕ್ಕಿಂತ ಅಪಾಯಕಾರಿ.

ಸರಿಯಾದ ಪರೀಕ್ಷೆಗೆ ನಮ್ಮದೇ ಆದ, ಹಾಳಾದರೂ ತೊಂದರೆಯಿಲ್ಲದ ಕರ್ನೆಲ್ ಮೆಮೊರಿ ಬೇಕು. ಒಂದು ಚಿಕ್ಕ ಕರ್ನೆಲ್ ಮಾಡ್ಯೂಲ್ ಬರೆಯಿರಿ. ಅದು 128 ಬೈಟ್‌ಗಳ ಒಂದು ಬಫರ್ ಪಡೆದು, ಪ್ರತಿ ಬೈಟನ್ನೂ 170 ಎಂಬ ಬೆಲೆಯಿಂದ ತುಂಬಿ, ತನ್ನ ವಿಳಾಸವನ್ನು ಕರ್ನೆಲ್ ಲಾಗ್‌ನಲ್ಲಿ ಮುದ್ರಿಸಲಿ. ಮಾಡ್ಯೂಲ್ ತೆಗೆಯುವಾಗ ಬಫರ್‌ನಲ್ಲಿರುವುದನ್ನು ಮತ್ತೆ ಮುದ್ರಿಸಲಿ. 128 ಏಕೆಂದರೆ ವೇಟ್‌ಐಡಿ ತುಂಬುವ ಸಿಗ್‌ಇನ್ಫೋ ರಚನೆಯ ಗಾತ್ರ ಅಷ್ಟೇ. 4.13ರಲ್ಲಿ ಮಾಮೂಲಿ ಪಾಯಿಂಟರ್ ಮುದ್ರಣವೇ ನಿಜವಾದ ವಿಳಾಸ ತೋರಿಸುತ್ತದೆ, 4.15ರಿಂದ ಈಚೆಗೆ ಅದು ಹ್ಯಾಶ್ ಮಾಡಿದ ಸಂಖ್ಯೆಯನ್ನು ತೋರಿಸುವುದರಿಂದ, ಹೊಸ ಕರ್ನೆಲ್‌ಗಳಲ್ಲಿ ಇದೇ ಪರೀಕ್ಷೆ ಮಾಡುವವರು ಪಾಯಿಂಟರನ್ನು ಮರೆಮಾಚದೆ ಮುದ್ರಿಸುವ ಬೇರೆ ಸಂಕೇತ ಬಳಸಬೇಕು.

ಈಗ ಪರೀಕ್ಷಾ ಪ್ರೋಗ್ರಾಂ ಆ ವಿಳಾಸವನ್ನು ಪಡೆದು, 42 ಎಂಬ ನಿರ್ಗಮನ ಸಂಖ್ಯೆಯೊಂದಿಗೆ ಮುಗಿಯುವ ಮಗು ಪ್ರೊಸೆಸ್ ಒಂದನ್ನು ಹುಟ್ಟಿಸಿ, ವೇಟ್‌ಐಡಿಯನ್ನು ಆ ವಿಳಾಸದೊಂದಿಗೆ ಕರೆಯಲಿ. ದೋಷವಿರುವ ಕರ್ನೆಲ್‌ನಲ್ಲಿ ಕರೆ ಯಶಸ್ವಿಯಾಗುತ್ತದೆ, ಬಫರ್ ತೆರೆದು ನೋಡಿದರೆ ಅದರ ಮೇಲೆ ಬೆರಳಚ್ಚು ಬಿದ್ದಿರುತ್ತದೆ. ಮೊದಲ ನಾಲ್ಕು ಬೈಟ್‌ಗಳಲ್ಲಿ 17, ಅಂದರೆ ಸಿಗ್‌ಚೈಲ್ಡ್ ಸಂಕೇತ. ಮುಂದಿನ ನಾಲ್ಕರಲ್ಲಿ ಸೊನ್ನೆ. ಸೊನ್ನೆಯಿಂದ ಎಣಿಸಿದರೆ ಎಂಟನೆಯ ಬೈಟ್‌ನಿಂದ 1, ಅಂದರೆ ಪ್ರೊಸೆಸ್ ತಾನಾಗಿ ಮುಗಿಯಿತು ಎಂಬ ಸೂಚನೆ. 12ರಿಂದ 15ರವರೆಗಿನ ಬೈಟ್‌ಗಳು ರಚನೆಯ ನಡುವಿನ ಖಾಲಿ ಜಾಗವಾದ್ದರಿಂದ ಅಲ್ಲಿ ನಮ್ಮ 170 ಹಾಗೆಯೇ ಉಳಿದಿರುತ್ತದೆ. ಆಮೇಲೆ ಮಗುವಿನ ಪ್ರೊಸೆಸ್ ಸಂಖ್ಯೆ, ಬಳಕೆದಾರ ಸಂಖ್ಯೆ, 24ನೆಯ ಬೈಟ್‌ನಲ್ಲಿ 42. ಅಲ್ಲಿಂದಾಚೆಗೆ ಮತ್ತೆ ಎಲ್ಲವೂ 170. ಈ ನಾಲ್ಕು ಖಾಲಿ ಬೈಟ್‌ಗಳು ಉಳಿದಿರುವುದನ್ನು ಕಂಡಾಗ ಅನುಮಾನಕ್ಕೆ ಎಡೆಯೇ ಇರುವುದಿಲ್ಲ: ಬರೆದದ್ದು ಒಂದೊಂದೇ ಅಂಶವನ್ನು ತುಂಬುವ ವೇಟ್‌ಐಡಿಯೇ ಹೊರತು ಬೇರೆ ಯಾವುದೋ ನಕಲು ಕಾರ್ಯವಲ್ಲ.

ಮಗು ಪ್ರೊಸೆಸ್ ಇಲ್ಲದೆಯೇ ಕರೆದರೂ ಬರವಣಿಗೆ ನಡೆಯುತ್ತದೆ ಎಂಬುದನ್ನೂ ಪರೀಕ್ಷಿಸಿ. ಆಗ ಪ್ರೋಗ್ರಾಂಗೆ ಮಗುವಿಲ್ಲ ಎಂಬ ದೋಷಸಂಕೇತ ಸಿಗುತ್ತದೆ, ಆದರೆ ಅಷ್ಟರಲ್ಲಿ ಕೊಟ್ಟ ವಿಳಾಸದಲ್ಲಿ ಆರೂ ಅಂಶಗಳು ಸೊನ್ನೆಯಾಗಿರುತ್ತವೆ. ಯುನಿಕ್ಸ್ ಪರಂಪರೆಯಲ್ಲಿ ಸೊನ್ನೆ ಎಂಬುದು ರೂಟ್ ಬಳಕೆದಾರನ ಸಂಖ್ಯೆ. ಬೇಕಾದ ಕಡೆ ಸೊನ್ನೆ ಬರೆಸಬಲ್ಲ ದೋಷವೊಂದನ್ನು ಏಕೆ ಗಂಭೀರವಾಗಿ ಪರಿಗಣಿಸಲಾಯಿತು ಎಂಬುದಕ್ಕೆ ಇಷ್ಟು ವಿವರಣೆ ಸಾಕು.

ನಾಲ್ಕನೆಯ ಹೆಜ್ಜೆ: ದೋಷ ಹುಟ್ಟಿದ ಗಳಿಗೆಯನ್ನು ಹುಡುಕುವುದು

ದೋಷ ಎಲ್ಲಿದೆ ಎಂದು ತಿಳಿದ ಮಾತ್ರಕ್ಕೆ ತಿದ್ದಲು ಕೂರಬಾರದು. ಯಾವಾಗ ಮತ್ತು ಯಾಕೆ ಬಂತು ಎಂಬುದೂ ತಿಳಿಯಬೇಕು, ಏಕೆಂದರೆ ಯಾವ ಯಾವ ಬಿಡುಗಡೆಗಳಿಗೆ ಪರಿಹಾರ ತಲುಪಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಕರ್ನೆಲ್ ಕೋಶದ ಎಕ್ಸಿಟ್.ಸಿ ಕಡತದಲ್ಲಿ ವೇಟ್‌ಐಡಿಯ ಸಾಲುಗಳ ಮೇಲೆ ಗಿಟ್ ಬ್ಲೇಮ್ ಓಡಿಸಿದರೆ, ಸಿಗ್‌ಇನ್ಫೋ ನಕಲನ್ನು ಅನ್‌ಸೇಫ್_ಪುಟ್_ಯೂಸರ್‌ಗೆ ಬದಲಾಯಿಸಿದ ಕಮಿಟ್ ನೇರವಾಗಿ ಸಿಗುತ್ತದೆ. ಅದರ ವ್ಯತ್ಯಾಸವನ್ನು ಓದುವಾಗ ಸೇರಿದ ಸಾಲುಗಳಿಗಿಂತ ಅಳಿದ ಸಾಲುಗಳ ಮೇಲೆ ಹೆಚ್ಚು ಹೊತ್ತು ಕಣ್ಣಿಡಿ. ಭದ್ರತಾ ತಪಾಸಣೆ ಕಾಣೆಯಾಗುವುದು ಬಹುತೇಕ ಹೀಗೆಯೇ: ಯಾರೂ ತಪಾಸಣೆಯನ್ನು ಬೇಕೆಂದು ಅಳಿಸುವುದಿಲ್ಲ, ತಪಾಸಣೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಇನ್ನೊಂದು ಕರೆಯನ್ನು ಅಳಿಸುತ್ತಾರೆ.

ಐದನೆಯ ಹೆಜ್ಜೆ: ತಿದ್ದುಪಡಿ ಬರೆಯುವುದು

2017ರ ಅಕ್ಟೋಬರ್‌ನಲ್ಲಿ ಕರ್ನೆಲ್ ಡೆವಲಪರ್ ಕೀಸ್ ಕುಕ್ ಬರೆದ ಪರಿಹಾರ ಸರಳವಾಗಿತ್ತು. ಬಾಗಿಲು ತೆರೆಯುವ ಮುನ್ನ, ಇನ್ಫೋಪಿ ಎಂಬ ಪಾಯಿಂಟರ್ ಮತ್ತು ಅದು ತೋರಿಸುವ ರಚನೆಯ ಪೂರ್ಣ ಗಾತ್ರವನ್ನು ಆಕ್ಸೆಸ್_ಓಕೆಗೆ ಒಪ್ಪಿಸಿ, ಅದು ಒಪ್ಪದಿದ್ದರೆ ದೋಷದ ದಾರಿಗೆ ಹೋಗುವುದು. ಇದನ್ನು ನೀವೇ ಬರೆಯುವಾಗ ನಾಲ್ಕು ನಿರ್ಧಾರಗಳನ್ನು ಯೋಚಿಸಿ ತೆಗೆದುಕೊಳ್ಳಬೇಕಾಗುತ್ತದೆ.

ತಪಾಸಣೆಯ ಸ್ಥಳ ಅವುಗಳಲ್ಲಿ ಮೊದಲನೆಯದು. ಸಿಸ್ಟಮ್ ಕಾಲ್‌ನ ಮೊದಲ ಸಾಲಿನಲ್ಲಿಯೇ ತಪಾಸಣೆ ಇಟ್ಟರೆ ಅಚ್ಚುಕಟ್ಟು ಎನಿಸುತ್ತದೆ, ಏಕೆಂದರೆ ಈಗಿನ ಸ್ಥಳದಲ್ಲಿ ತಪಾಸಣೆ ಸೋಲುವ ಹೊತ್ತಿಗೆ ಮಗು ಪ್ರೊಸೆಸ್‌ನ ಅಂತ್ಯಸಂಸ್ಕಾರ ಮುಗಿದು ಅದರ ವಿವರ ಕಳೆದುಹೋಗಿರಬಹುದು. ಆದರೂ ಅಲ್ಲಿ ಇಡಬೇಡಿ ಎಂಬುದು ನನ್ನ ಸಲಹೆ. ಹಾಗೆ ಮಾಡಿದರೆ ಮಗು ಮುಗಿಯುವವರೆಗೆ ಕಾಯಬೇಕಾದ ಕರೆ ಕಾಯದೆಯೇ ಈಫಾಲ್ಟ್ ಹಿಂದಿರುಗಿಸುವಂತಾಗಿ, ಸಿಸ್ಟಮ್ ಕಾಲ್‌ನ ನಡವಳಿಕೆಯೇ ಬದಲಾಗುತ್ತದೆ. ಭದ್ರತಾ ತಿದ್ದುಪಡಿಯಲ್ಲಿ ಭದ್ರತೆಯ ಹೊರತು ಬೇರೇನನ್ನೂ ಬದಲಾಯಿಸಬಾರದು. ಬರೆಯುವ ಸಾಲುಗಳ ನೆತ್ತಿಯ ಮೇಲೆಯೇ ತಪಾಸಣೆ ಇದ್ದರೆ ಓದುವವರಿಗೂ ಎರಡರ ನಂಟು ಒಂದೇ ನೋಟಕ್ಕೆ ಕಾಣುತ್ತದೆ.

ಗಾತ್ರದ ವಿಷಯದಲ್ಲಿ, ಬರೆಯುವುದು ಮೊದಲ 28 ಬೈಟ್‌ಗಳ ಒಳಗೇ ಆದರೂ 128 ಬೈಟ್‌ಗಳ ಇಡೀ ರಚನೆಯನ್ನು ತಪಾಸಣೆ ಮಾಡುವುದು ಸರಿ. ನಾಳೆ ಯಾರಾದರೂ ಏಳನೆಯ ಅಂಶವನ್ನು ಸೇರಿಸಿದರೆ ಗಾತ್ರವನ್ನು ತಿದ್ದಲು ಅವರಿಗೆ ನೆನಪಾಗುತ್ತದೆ ಎಂದು ನಂಬಬಾರದು. ಇನ್ನು ಸಿಸ್ಟಮ್ ಕಾಲ್‌ನ ಅವಳಿ ರೂಪದ ವಿಷಯ: 32 ಬಿಟ್ ಪ್ರೋಗ್ರಾಂಗಳಿಗಾಗಿ ಅದೇ ಕಡತದಲ್ಲಿ ವೇಟ್‌ಐಡಿಯ ಇನ್ನೊಂದು ರೂಪವಿದೆ. 64 ಬಿಟ್ ಎಕ್ಸ್86ರಲ್ಲಿ 32 ಬಿಟ್ ವಿಳಾಸ ಕರ್ನೆಲ್ ವಲಯವನ್ನು ತಲುಪಲಾರದು. ಹಾಗಿದ್ದರೂ ಒಪ್ಪಂದ ಎರಡಕ್ಕೂ ಒಂದೇ ಆದ್ದರಿಂದ ತಿದ್ದುಪಡಿಯೂ ಎರಡಕ್ಕೂ ಬೇಕು, ಕೀಸ್ ಕುಕ್ ಅವರ ಪರಿಹಾರದಲ್ಲಿಯೂ ಎರಡನ್ನೂ ತಿದ್ದಲಾಗಿತ್ತು.

ಸೋತಾಗ ಹಿಡಿಯುವ ದಾರಿ ನಾಲ್ಕನೆಯದು, ಅನುಭವಿಗಳಿಗೂ ಕೈಕೊಡುವಂಥದ್ದು. ಫಂಕ್ಷನ್‌ನ ಕೊನೆಯಲ್ಲಿ ದೋಷಕ್ಕೆಂದು ಒಂದು ಲೇಬಲ್ ಆಗಲೇ ಇತ್ತು, ಮೊದಲ ಪರಿಹಾರ ಅಲ್ಲಿಗೇ ಜಿಗಿಯುತ್ತಿತ್ತು. ಆದರೆ ಆ ಲೇಬಲ್‌ನ ಮೊದಲ ಕೆಲಸ ಯೂಸರ್_ಆಕ್ಸೆಸ್_ಎಂಡ್, ಅಂದರೆ ಬಾಗಿಲು ಮುಚ್ಚುವುದು. ತಪಾಸಣೆ ಸೋತಾಗ ಬಾಗಿಲನ್ನು ಇನ್ನೂ ತೆರೆದಿರುವುದೇ ಇಲ್ಲ. ತೆರೆಯದ ಬಾಗಿಲನ್ನು ಮುಚ್ಚುವುದು ಆ ಹೊತ್ತಿಗೆ ನಿರಪಾಯಕಾರಿಯೇ ಆಗಿತ್ತಾದರೂ, ತೆರೆಯುವಿಕೆ ಮತ್ತು ಮುಚ್ಚುವಿಕೆ ಜೋಡಿಯಾಗಿರಬೇಕೆಂಬ ನಿಯಮ ಮುರಿದಿತ್ತು. ಪರಿಶೀಲಕರು ಇದನ್ನು ತೋರಿಸಿಕೊಟ್ಟ ಮೇಲೆ ಅದೇ ತಿಂಗಳಲ್ಲಿ ಎರಡನೆಯ ಕಮಿಟ್ ಬಂದಿತು. ಅದರಲ್ಲಿ ಲೇಬಲ್‌ಗೆ ಜಿಗಿಯುವ ಬದಲು ನೇರವಾಗಿ ಈಫಾಲ್ಟ್ ಹಿಂದಿರುಗಿಸಲಾಯಿತು. ನೀವು ಯಾವ ಕರ್ನೆಲ್ ಫಂಕ್ಷನ್‌ಗೆ ಹೊಸ ಷರತ್ತು ಸೇರಿಸಿದರೂ, ಜಿಗಿಯುವ ಲೇಬಲ್ ಏನೇನನ್ನು ಹಿಂತೆಗೆಯುತ್ತದೆ, ಅವುಗಳಲ್ಲಿ ಎಷ್ಟನ್ನು ಈವರೆಗೆ ನಿಜವಾಗಿ ಪಡೆದಿದ್ದೇವೆ ಎಂದು ಬೆರಳಿಟ್ಟು ಎಣಿಸಿ. ಲಾಕ್‌ಗಳ ವಿಷಯದಲ್ಲಿ ಇದೇ ತಪ್ಪು ನಿರಪಾಯಕಾರಿಯಾಗಿ ಉಳಿಯುವುದಿಲ್ಲ.

ಆರನೆಯ ಹೆಜ್ಜೆ: ತಿದ್ದುಪಡಿಯನ್ನು ಪರೀಕ್ಷಿಸುವುದು

ಮಾಡ್ಯೂಲ್‌ನ ಪರೀಕ್ಷೆಯನ್ನು ಮತ್ತೆ ಓಡಿಸಿ. ಈಗ ಈಫಾಲ್ಟ್ ಬರಬೇಕು, ಮತ್ತು ಮುಖ್ಯವಾಗಿ ಬಫರ್‌ನ 128 ಬೈಟ್‌ಗಳೂ 170 ಆಗಿಯೇ ಇರಬೇಕು. ಹಿಂದಿರುಗಿದ ಸಂಕೇತಕ್ಕಿಂತ ಬಫರ್‌ನ ಸಾಕ್ಷ್ಯವೇ ದೊಡ್ಡದು. ನ್ಯಾಯವಾದ ವಿಳಾಸ ಕೊಟ್ಟಾಗ ಎಲ್ಲ ಅಂಶಗಳೂ ಸರಿಯಾಗಿ ತುಂಬುತ್ತವೆಯೇ, ಶೂನ್ಯ ಪಾಯಿಂಟರ್ ಕೊಟ್ಟಾಗ ಹಿಂದಿನಂತೆಯೇ ಏನನ್ನೂ ಬರೆಯದೆ ಹಿಂದಿರುಗುತ್ತದೆಯೇ, 32 ಬಿಟ್ ಪ್ರೋಗ್ರಾಂ ಸರಾಗವಾಗಿ ನಡೆಯುತ್ತದೆಯೇ ಎಂದೂ ನೋಡಿ.

ಗಡಿಯ ಮೇಲಿನ ಪರೀಕ್ಷೆಯೊಂದು ವಿಶೇಷವಾಗಿ ಮಾಡತಕ್ಕದ್ದು. 4.13ರಲ್ಲಿ ಬಳಕೆದಾರ ವಲಯದ ಮೇಲ್ಮಿತಿ ಎಂದರೆ 2ರ 47ನೆಯ ಘಾತದಿಂದ ಒಂದು ಪೇಜ್, ಅಂದರೆ 4096 ಬೈಟ್ ಕಡಿಮೆ. ಆ ಮಿತಿಗೆ ತಾಗಿದಂತಿರುವ ಕೊನೆಯ ಪೇಜನ್ನು ನಿಗದಿತ ವಿಳಾಸದ ಎಂಮ್ಯಾಪ್ ಮೂಲಕ ಪಡೆದು, ಪೇಜಿನ ಅಂತ್ಯಕ್ಕೆ 64 ಬೈಟ್ ಮುನ್ನ ಪಾಯಿಂಟರ್ ಇಡಿ. ಬರೆಯುವ 28 ಬೈಟ್‌ಗಳು ಪೇಜಿನೊಳಗೇ ಹಿಡಿಯುತ್ತವೆ, ಆದರೆ 128 ಬೈಟ್‌ಗಳ ರಚನೆ ಮಿತಿಯನ್ನು ದಾಟುತ್ತದೆ. ತಿದ್ದುಪಡಿಯಲ್ಲಿ ಪೂರ್ಣ ಗಾತ್ರವನ್ನು ಕೊಟ್ಟಿದ್ದರೆ ಈಫಾಲ್ಟ್ ಬರುತ್ತದೆ. ಯಶಸ್ಸು ಬಂದರೆ ಗಾತ್ರದಲ್ಲಿ ಎಲ್ಲೋ ತಪ್ಪಿದ್ದೀರಿ ಎಂದರ್ಥ. ವಿಳಾಸದಲ್ಲಿ ನಿಜವಾದ ಮೆಮೊರಿ ಇರುವುದರಿಂದ ಈ ಉತ್ತರ ಪೇಜ್ ಫಾಲ್ಟ್‌ನಿಂದ ಬಂದದ್ದಲ್ಲ, ತಪಾಸಣೆಯಿಂದಲೇ ಬಂದದ್ದು ಎಂಬ ಖಾತ್ರಿಯೂ ಇದೆ.

ಏಳನೆಯ ಹೆಜ್ಜೆ: ಕಳುಹಿಸುವುದು

ಈಗಲೂ ಜೀವಂತವಾಗಿರುವ ಹೊಸ ಭದ್ರತಾ ದೋಷವನ್ನು ನೀವು ಕಂಡಿದ್ದರೆ ಅದನ್ನು ಬಹಿರಂಗವಾಗಿ ಬರೆಯುವ ಮುನ್ನ ಕರ್ನೆಲ್‌ನ ಭದ್ರತಾ ತಂಡಕ್ಕೆ ಮತ್ತು ಆ ಭಾಗದ ನಿರ್ವಾಹಕರಿಗೆ ಖಾಸಗಿಯಾಗಿ ತಿಳಿಸಿ. ನಿರ್ವಾಹಕರು ಯಾರೆಂದು ತಿಳಿಸುವ ಸ್ಕ್ರಿಪ್ಟ್ ಮೂಲಕೋಡ್‌ನ ಜೊತೆಯಲ್ಲಿಯೇ ಇರುತ್ತದೆ, ಪ್ಯಾಚ್‌ನ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಕೂಡ ಅಲ್ಲಿಯೇ ಇದೆ. ಪ್ಯಾಚ್‌ನ ವಿವರಣೆಯಲ್ಲಿ ಯಾವ ತಪಾಸಣೆ ಕಾಣೆಯಾಗಿತ್ತು, ಅದರಿಂದ ಏನು ಸಾಧ್ಯವಾಗುತ್ತಿತ್ತು ಎಂದು ನೇರವಾಗಿ ಬರೆಯಿರಿ. ದೋಷ ತಂದ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳು ಮತ್ತು ಅದರ ಶೀರ್ಷಿಕೆಯನ್ನು ಫಿಕ್ಸಸ್ ಎಂಬ ಸಾಲಿನಲ್ಲಿ ಕೊಡಿ. ಸ್ಥಿರ ಬಿಡುಗಡೆಗಳನ್ನು ನೋಡಿಕೊಳ್ಳುವವರು ಪ್ಯಾಚ್ ಎಲ್ಲೆಲ್ಲಿಗೆ ಹೋಗಬೇಕೆಂದು ತಿಳಿಯುವುದು ಅದರಿಂದಲೇ. ನಾಲ್ಕನೆಯ ಹೆಜ್ಜೆಯ ಶ್ರಮ ಫಲ ಕೊಡುವುದು ಇಲ್ಲಿ. ಸಿವಿಇ ಸಂಖ್ಯೆಗಾಗಿ ಮೊದಲಿನಂತೆ ಬೇರೆಡೆ ಓಡಾಡಬೇಕಿಲ್ಲ, 2024ರ ಫೆಬ್ರುವರಿಯಿಂದ ಕರ್ನೆಲ್ ಯೋಜನೆಯೇ ಅದನ್ನು ನೀಡುತ್ತದೆ.

ಎಂಟನೆಯ ಹೆಜ್ಜೆ: ಸೋದರ ದೋಷಗಳನ್ನು ಹುಡುಕುವುದು, ಬೇರು ಕೀಳುವುದು

ಒಂದು ಕಡೆ ಮರೆತ ತಪಾಸಣೆಯನ್ನು ಇನ್ನೊಂದು ಕಡೆಯೂ ಯಾರಾದರೂ ಮರೆತಿರುತ್ತಾರೆ. ಇಡೀ ಮೂಲಕೋಡ್‌ನಲ್ಲಿ ಯೂಸರ್_ಆಕ್ಸೆಸ್_ಬಿಗಿನ್ ಇರುವ ಪ್ರತಿಯೊಂದು ಸ್ಥಳವನ್ನೂ ಹುಡುಕಿ ತೆಗೆದು, ಅದರ ಮೇಲೆ ಆಕ್ಸೆಸ್_ಓಕೆ ಇದೆಯೇ ಎಂದು ಒಂದೊಂದಾಗಿ ಓದಿ. ಕಾಕ್ಸಿನೆಲ್ ಎಂಬ ಸಾಧನದಿಂದ ಈ ಹುಡುಕಾಟಕ್ಕೆ ಒಂದು ಮಾದರಿ ಬರೆಯಬಹುದು, ಆದರೆ ತಪಾಸಣೆ ಬೇರೊಂದು ಫಂಕ್ಷನ್‌ನಲ್ಲಿ ನಡೆದಿದ್ದರೆ ಸಾಧನಕ್ಕೆ ಅದು ಕಾಣುವುದು ಕಷ್ಟ, ಕಡೆಗೆ ಕಣ್ಣಿನ ಓದೇ ಬೇಕಾಗುತ್ತದೆ. ಈ ಮಾತು ಊಹೆಯಲ್ಲ. ವೇಟ್‌ಐಡಿ ದೋಷವನ್ನು ಸರಿಪಡಿಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್‌ನಲ್ಲಿ ಅದೇ ಬಗೆಯ ಕಾಣೆಯಾದ ತಪಾಸಣೆ ಬೆಳಕಿಗೆ ಬಂದು ಸಿವಿಇ-2018-20669 ಎಂಬ ಸಂಖ್ಯೆ ಪಡೆಯಿತು.

ಅಲ್ಲಿಗೆ ತಪ್ಪು ವ್ಯಕ್ತಿಗಳದ್ದಲ್ಲ, ಒಪ್ಪಂದದ್ದು ಎಂಬುದು ಸ್ಪಷ್ಟವಾಯಿತು. ತಪಾಸಣೆ ಒಂದು ಕರೆ, ಬಾಗಿಲು ತೆರೆಯುವುದು ಇನ್ನೊಂದು ಕರೆ, ಮೊದಲನೆಯದನ್ನು ಬಿಟ್ಟರೂ ಎರಡನೆಯದು ದೂರಿಲ್ಲದೆ ನಡೆಯುತ್ತದೆ ಎಂಬಂಥ ವ್ಯವಸ್ಥೆಯಲ್ಲಿ ಮರೆವು ಅನಿವಾರ್ಯ. 2019ರ ಜನವರಿಯಲ್ಲಿ, 5.0ರ ತಯಾರಿಯ ನಡುವೆ, ಲಿನಸ್ ಟೊರ್ವಾಲ್ಡ್ಸ್ ಆಕ್ಸೆಸ್_ಓಕೆಯನ್ನು ಯೂಸರ್_ಆಕ್ಸೆಸ್_ಬಿಗಿನ್ ಒಳಗೇ ಸೇರಿಸಿದರು. ಅಂದಿನಿಂದ ಬಾಗಿಲು ತೆರೆಯಬೇಕಾದರೆ ವಿಳಾಸ ಮತ್ತು ಗಾತ್ರ ಕೊಡಲೇಬೇಕು, ಉತ್ತರವನ್ನು ನೋಡಿಯೇ ಮುಂದೆ ಹೋಗಬೇಕು. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ನಿಜವಾದ ಪರಿಹಾರ ಈ ಕಮಿಟ್; 2017ರದ್ದು ಗಾಯಕ್ಕೆ ಕಟ್ಟಿದ ಪಟ್ಟಿ. ಜೋಡಿ ತಪ್ಪಿದ ಮುಚ್ಚುವಿಕೆಗೂ ಇಂಥದ್ದೇ ಉತ್ತರ 5.2ರಲ್ಲಿ ಬಂದಿತು: ಆಬ್ಜ್‌ಟೂಲ್ ಎಂಬ ಸಾಧನ ಕರ್ನೆಲ್ ಕಟ್ಟುವಾಗಲೇ ಕಂಪೈಲ್ ಆದ ಸೂಚನೆಗಳನ್ನು ಓದಿ, ತೆರೆಯದ ಬಾಗಿಲನ್ನು ಮುಚ್ಚುವ ದಾರಿ ಎಲ್ಲಿಯಾದರೂ ಕಂಡರೆ ಎಚ್ಚರಿಕೆ ನೀಡುತ್ತದೆ.

ನಿಮ್ಮ ತಿದ್ದುಪಡಿಯನ್ನು ಹಳೆಯ ಶಾಖೆಗಳಿಗೆ ಹಿಮ್ಮುಖವಾಗಿ ಒಯ್ಯುವಾಗ ಈ ಇತಿಹಾಸ ನೇರವಾಗಿ ಕೆಲಸಕ್ಕೆ ಬರುತ್ತದೆ. ಹಳೆಯ ರೂಪದ ಯೂಸರ್_ಆಕ್ಸೆಸ್_ಬಿಗಿನ್ ಯಾವ ಆರ್ಗ್ಯುಮೆಂಟನ್ನೂ ತೆಗೆದುಕೊಳ್ಳುವುದಿಲ್ಲ. ಹೊಸ ಕೋಡನ್ನು ಅಲ್ಲಿಗೆ ತಂದರೆ ಕಂಪೈಲರ್ ನಿರಾಕರಿಸುತ್ತದೆ, ಆಗ ಕಂಪೈಲ್ ಆಗಲೆಂದು ಆವರಣದೊಳಗಿನ ವಿಳಾಸವನ್ನೂ ಗಾತ್ರವನ್ನೂ ಅಳಿಸಿ ಮುಂದೆ ಹೋಗುವ ಸೆಳೆತ ಬರುತ್ತದೆ. ಹಾಗೆ ಅಳಿಸಿದ ಕ್ಷಣ 4.13ರ ದೋಷ ಅಕ್ಷರಶಃ ಮರಳಿ ಬರುತ್ತದೆ. ಅಲ್ಲಿ ಆಕ್ಸೆಸ್_ಓಕೆಯನ್ನು ಪ್ರತ್ಯೇಕವಾಗಿ, ಅದರ ಹಳೆಯ ಮೂರು ಆರ್ಗ್ಯುಮೆಂಟ್‌ಗಳ ರೂಪದಲ್ಲಿ, ಬರೆಯಲು ಎಂಬ ಬಗೆಸೂಚಕವನ್ನು ಮೊದಲಿಗಿಟ್ಟು ಬರೆಯಿರಿ, ಆಮೇಲೆ ಆ ಶಾಖೆಯ ಕರ್ನೆಲನ್ನೂ ಕ್ಯೂಎಮುನಲ್ಲಿ ಬೂಟ್ ಮಾಡಿ, ಮಾಡ್ಯೂಲ್ ಏರಿಸಿ, ಬಫರ್‌ನ 128 ಬೈಟ್‌ಗಳನ್ನು ಮತ್ತೊಮ್ಮೆ ಓದಿ ನೋಡಿ.